ಕಟ್ಟೆಯ ಮೇಲಿನ ಹನ್ನೆರಡನೆಯವನು

ಕುಂಬಳಕಾಯಿ ಕಳ್ಳ ಅಂದರೆ ಕುಂಬಳಕಾಯಿಯೇ ಹೆಗಲು ಮುಟ್ಟಿ ನೋಡಿಕೊಂಡಿತಂತೆ. ಗಾದೆ ಹೀಗಲ್ಲ ಎಂದು ನೀವು ತಕರಾರು ತೆಗೆಯಬಹುದು. ಬಿ.ಎ.ಯಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರೂ ತೆಗೆದಿದ್ದರು. ‘ಗಾದೆ ಸುಳ್ಳಾದರೂ ವೇದ ಸುಳ್ಳಾಗದು ಬಿಡಿ ಸರ್’ ಎಂದು ಅವರನ್ನು ಸಮಾಧಾನ ಮಾಡಹೋಗಿ ಎರಡು ಅಂಕ ಕಳೆದುಕೊಂಡೆ. ಆದರೆ ಈಗ ಹೇಳಹೊರಟಿರುವುದು ಸುಳ್ಳಲ್ಲ. ನಡೆದದ್ದು, ನಡೆದಷ್ಟೇ, ನಾನೇ ಕೂತು ಕಂಡದ್ದು. ಕೂತದ್ದೇ ತಪ್ಪಾಯಿತು, ಅದು ಬೇರೆ ಮಾತು.

ನಮ್ಮೂರಲ್ಲಿ ಕಂಪ್ಯೂಟರ್ ಇರುವ ಮನೆಗೆಲ್ಲ ಕಟ್ಟೆ ಇರುತ್ತದೆ. ಇರಲೇಬೇಕು, ಇಲ್ಲದಿದ್ದರೆ ಒಳಗಿನವರು ಎಲ್ಲಿ ಕೂಡಬೇಕು? ಕಂಪ್ಯೂಟರ್ ಹಚ್ಚಿದ ಗಳಿಗೆಗೆ ಅದರೊಳಗೆ ತೆರೆಮರೆಯಲ್ಲಿ ದುಡಿಯುವವರೆಲ್ಲ ಒಬ್ಬೊಬ್ಬರಾಗಿ ಬಂದು ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂಡುತ್ತಾರೆ. ಗಡಿಯಾರ ನೋಡುವವನು, ಬಾಗಿಲು ಕಾಯುವವನು, ಕಾಗದ ಕಳಿಸುವವನು, ಸುಮ್ಮನೆ ಕೂತಂತೆ ಕಂಡರೂ ಉಳಿದವರ ನಡುವೆ ಮಾತು ಮುಟ್ಟಿಸುವವನು. ಎಲ್ಲರಿಗೂ ಬೂದಿ ಬಣ್ಣದ ಅಂಗಿ, ತೊಡೆಯ ಮೇಲೊಂದು ಗಂಟು. ಕೆಲಸ ಹೆಚ್ಚಿದಂತೆ ಗಂಟು ಉಬ್ಬುತ್ತದೆ, ಮುಗಿದಂತೆ ಇಳಿಯುತ್ತದೆ. ಕೇಳಿದರೆ ಮಾತಾಡುತ್ತಾರೆ, ಕೇಳದಿದ್ದರೆ ಇಲ್ಲ. ಕಂಪ್ಯೂಟರ್ ಆರಿಸಿದರೆ ಎದ್ದು ಅಂಗಿ ಝಾಡಿಸಿಕೊಂಡು ಹೊರಟುಹೋಗುತ್ತಾರೆ. ಎಲ್ಲಿಗೆ ಎಂದು ಯಾರೂ ಹಿಂಬಾಲಿಸಿ ನೋಡಿಲ್ಲ. ಅದು ಮರ್ಯಾದೆಯಲ್ಲ.

ಇವರಿಂದ ನಮಗೆ ತೊಂದರೆಯೇನೂ ಇಲ್ಲ. ಫೋಟೋ ಸ್ಟುಡಿಯೋದಂಥ ಕಡೆ ಕಟ್ಟೆ ಸಾಲದೆ ಮೆಟ್ಟಿಲ ಮೇಲೂ ಕೂತಿರುತ್ತಾರೆ, ಮೊಣಕಾಲು ದಾಟಿ ದಾಟಿ ಒಳಗೆ ಹೋಗಬೇಕು, ಅಷ್ಟೆ. ಮನೆಗೆ ಬೀಗರು ಬಂದಾಗ ಇವರನ್ನು ಒಂದು ಕಡೆ ಸರಿಸಿ ಜಮಖಾನ ಹಾಸುತ್ತೇವೆ. ಒಮ್ಮೆ ಹೆಣ್ಣು ನೋಡಲು ಬಂದ ಹುಡುಗ ನಾಚಿಕೊಂಡು ಅಂಚಿಗೆ ಮುದುಡಿ ಕೂತದ್ದರಿಂದ ಅವನನ್ನೂ ಒಳಗಿನವನೆಂದು ತಿಳಿದು ಸಂಜೆಯವರೆಗೆ ಯಾರೂ ಚಹಾ ಕೊಡಲಿಲ್ಲ. ಅವನೂ ಕೇಳಲಿಲ್ಲ. ಅಷ್ಟು ಸಮಾಧಾನದ ಹುಡುಗ ಮತ್ತೆಲ್ಲಿ ಸಿಗುತ್ತಾನೆಂದು ಹೆಣ್ಣು ಕೊಟ್ಟರು.

ಕಷ್ಟ ಬರುವುದು ಕಟ್ಟೆಯ ಮೇಲೆ ಗುರುತಿಲ್ಲದ ಮುಖ ಕಂಡಾಗ. ಅದಕ್ಕೆ ನಮ್ಮೂರಲ್ಲಿ ಒಂದು ಪದ್ಧತಿ ಇದೆ, ‘ಐದು ಮಾತು’ ಎನ್ನುತ್ತಾರೆ. ಹೊಸಬನ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟು, ಒಬ್ಬ ಸಾಕ್ಷಿಯನ್ನು ನಿಲ್ಲಿಸಿಕೊಂಡು ಕೇಳಬೇಕು: ನಿನ್ನ ಹೆಸರೇನು, ಮನೆ ಎಲ್ಲಿ, ಯಾರು ಕರೆಸಿದರು, ಎಷ್ಟು ತಿನ್ನುತ್ತೀ, ಹೊರಗೆ ಯಾರಿಗಾದರೂ ಪತ್ರ ಬರೆಯುತ್ತೀಯಾ. ಐದಕ್ಕೂ ಸರಿಯಾದ ಉತ್ತರ ಬಂದರೆ ಇರಲಿ. ಬರದಿದ್ದರೆ ಓಡಿಹೋಗಿ ಕಂಪ್ಯೂಟರಿನ ಪ್ಲಗ್ ಕೀಳಬೇಕು. ನಂಬುವುದರಲ್ಲೂ ಓಡಿಸುವುದರಲ್ಲೂ ಅವಸರ ಮಾಡಬಾರದು. ಗಿರಣಿಯ ಬಸಲಿಂಗಪ್ಪ ಒಂದನ್ನೂ ಕೇಳದೆ ಹೊಸಬನನ್ನು ಕಸಬರಿಗೆಯಲ್ಲಿ ಓಡಿಸಿದ. ಹೋದವನು ಬಾಗಿಲು ತೆರೆಯುವವನಾಗಿದ್ದ, ಬಸಲಿಂಗಪ್ಪನ ಕಂಪ್ಯೂಟರ್ ಮತ್ತೆ ಏಳಲೇ ಇಲ್ಲ. ಇತ್ತ ಎಣ್ಣೆ ಅಂಗಡಿಯವರು ‘ನಾನು ಗಡಿಯಾರದವನು’ ಎಂದವನ ಮಾತು ನಂಬಿ ಮಜ್ಜಿಗೆ ಕುಡಿಸಿ ಕೂರಿಸಿದರು. ಮನೆ ಎಲ್ಲಿ ಎಂದು ಕೇಳಲಿಲ್ಲ. ಸಂಜೆಯ ಹೊತ್ತಿಗೆ ಅವರ ಕಡತಗಳಿಗೆಲ್ಲ ಯಾರಿಂದಲೂ ತೆಗೆಯಲಾಗದ ಬೀಗ ಬಿದ್ದಿತ್ತು.

ಇನ್ನು ನನ್ನ ವಿಚಾರ. ನನ್ನ ಹೆಸರು ಗುರುಪಾದ. ಪದವಿ ಪಡೆದದ್ದಕ್ಕಿಂತ ಪದ ಒಡೆದದ್ದೇ ಹೆಚ್ಚು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂಡುವುದು ಉದ್ಯೋಗ. ಬಸ್ಸು ಬಂದರೆ ಒಂದು ದನಿಯಲ್ಲಿ ಹೇಳುತ್ತೇನೆ, ಬರದಿದ್ದರೆ ಜನರ ಬೇಸರ ಕಳೆಯಲು ನಾಲ್ಕು ದನಿಯಲ್ಲಿ ಹೇಳುತ್ತೇನೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಎರಡನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ಊರಿನವರೆಲ್ಲ ಒಂದಲ್ಲ ಒಂದು ಸಲ ನನ್ನಿಂದ ಮೋಸಹೋಗಿದ್ದಾರೆ. ಹೋಗದಿದ್ದವರು ಒಬ್ಬರೇ, ನೀಲಗಂಗಕ್ಕ.

ನೀಲಗಂಗಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಣ್ಣಿಲ್ಲದ ಮಕ್ಕಳ ಶಾಲೆಗೆ ಬೇಕಾದ ಬ್ರೈಲ್ ಪುಸ್ತಕಗಳನ್ನೆಲ್ಲ ತಯಾರಿಸುವವರು ಅವರೇ. ಹನ್ನೊಂದು ವರ್ಷದಿಂದ ಒಂದೊಂದೇ ಅಕ್ಷರ ಕುಟ್ಟಿ ಆರುನೂರು ಚಿಲ್ಲರೆ ಪುಸ್ತಕ ಕೂಡಿಸಿದ್ದಾರೆ. ಎಲ್ಲವೂ ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ. ಪಕ್ಕದಲ್ಲಿ ಹಾಳೆಯ ಮೇಲೆ ಚುಕ್ಕಿ ಎಬ್ಬಿಸುವ ಯಂತ್ರ, ಅದಕ್ಕೆ ಹಾಳೆ ಉಣಿಸಲು ಇಮಾಮಕಾಕಾ. ಕಟ್ಟೆಯ ಮೇಲೆ ಹನ್ನೊಂದು ಜನ ಒಳಗಿನವರು. ಅವರನ್ನು ಅಕ್ಕ ಗುರುತಿಸುವುದು ಕೆಮ್ಮಿನಿಂದ, ಮೂಗು ಏರಿಸುವುದರಿಂದ, ಕಾಲು ಅಲ್ಲಾಡಿಸುವುದರಿಂದ. ನನ್ನನ್ನು ಗುರುತಿಸುವುದು ನಾನು ಯಾರ ದನಿಯಲ್ಲಿದ್ದರೂ ಸರಿಯೇ. ಟಪಾಲಿನವನಾಗಿ ಹೋಗಿ ಸೋತೆ. ಶಾಲೆಯ ಹೆಡ್‌ಮಾಸ್ತರರಾಗಿ ಹೋಗಿ ಸೋತೆ. ಬೆಕ್ಕಾಗಿ ಹೋದ ದಿನ ಅಕ್ಕ ಒಳಗಿನಿಂದಲೇ, ‘‘ಗುರ್ಯಾ, ಬೆಕ್ಕು ಅಷ್ಟು ವಿಚಾರ ಮಾಡಿ ಒದರೂದಿಲ್ಲೋ’’ ಎಂದಿದ್ದರು.

ಹೀಗಿರುವಾಗ ಒಂದು ದಿನ ನನಗೊಂದು ಉಪಾಯ ಹೊಳೆಯಿತು. ಮನುಷ್ಯರ ದನಿಯಾದರೆ ಅಕ್ಕನಿಗೆ ಸಿಕ್ಕಿಬೀಳುತ್ತೇನೆ. ಒಳಗಿನವರ ದನಿಯಾದರೆ? ಅವರು ಅಚ್ಚು ಹಾಕಿದ ನೋಟೀಸಿನಂತೆ ಮಾತಾಡುತ್ತಾರೆ, ಪದದ ನಡುವೆ ಉಸಿರು ಎಳೆಯುವುದಿಲ್ಲ. ಒಂದು ವಾರ ಬಸ್ ನಿಲ್ದಾಣದ ಕಟ್ಟೆಯಲ್ಲಿ ಅವರ ಪಕ್ಕ ಕೂತು ಅಭ್ಯಾಸ ಮಾಡಿದೆ. ಆ ಗುರುವಾರ ಬೆಳಿಗ್ಗೆ ಬೂದಿ ಬಣ್ಣದ ಅಂಗಿ ತೊಟ್ಟೆ. ಕಣ್ಣಿಲ್ಲದವರಿಗೆ ಅಂಗಿ ಏತಕ್ಕೆಂದರೆ ಇಮಾಮಕಾಕಾನಿಗೆ ಕಣ್ಣಿತ್ತಲ್ಲ. ಹಳೇ ಟವೆಲ್ಲಿನಲ್ಲಿ ಎರಡು ಈರುಳ್ಳಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಸಾಲಿನ ತುದಿಯ ಕಂಬದ ಹತ್ತಿರ ಮೆಲ್ಲಗೆ ಕೂತೆ. ಒಳಗೆ ಯಂತ್ರ ಟಕಟಕ ಎನ್ನುತ್ತಿತ್ತು. ಸೋಮವಾರ ಹತ್ತನೇ ಇಯತ್ತೆಯ ಪರೀಕ್ಷೆ. ಇಪ್ಪತ್ತಮೂರು ಮಕ್ಕಳಿಗೆ ಸಮಾಜದ ಪಾಠಗಳು ಅಚ್ಚಾಗುತ್ತಿದ್ದವು. ಬುಧವಾರ ಬೆಳಿಗ್ಗೆ ಶುರುವಾದ ಯಂತ್ರ ಶನಿವಾರದವರೆಗೆ ನಿಲ್ಲುವಂತಿರಲಿಲ್ಲ. ಅದು ಹಳೆಯ ಯಂತ್ರ, ಕಂಪ್ಯೂಟರಿಗೂ ಅದಕ್ಕೂ ಒಂದೇ ಪ್ಲಗ್, ನಡುವೆ ಕರೆಂಟು ಕಿತ್ತರೆ ಅಳತೆ ತಪ್ಪುತ್ತದೆ. ಅಳತೆ ಕೂಡಿಸುವ ಮಿಸ್ತ್ರಿ ಊರಿಗೆ ಬರುವುದು ಮಂಗಳವಾರಕ್ಕೊಮ್ಮೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ, ಅದಕ್ಕೇ ಹೇಳಿದ್ದು ಕೂತದ್ದು ತಪ್ಪಾಯಿತು ಎಂದು.

ಐದು ನಿಮಿಷಕ್ಕೆ ನೀಲಗಂಗಕ್ಕ ಹೊರಗೆ ಬಂದರು. ಹೊಸ್ತಿಲಲ್ಲಿ ನಿಂತು ತಲೆಯನ್ನು ಒಂದು ಕಡೆಗೆ ವಾಲಿಸಿ ಬೆರಳು ಮಡಚುತ್ತ ಎಣಿಸಿದರು. ಮುಖ ಒಮ್ಮೆಲೇ ಬಿಳಿಚಿಕೊಂಡಿತು. ನನ್ನ ಹೊಟ್ಟೆಯಲ್ಲಿ ಸಕ್ಕರೆ ಹೊಯ್ದಂತಾಯಿತು.

‘‘ಇಮಾಮಕಾಕಾ, ಒಂದು ಲೋಟ ಮಜ್ಜಿಗಿ ತಗೊಂಡು ಬರ್ರಿ. ಲಗೂ.’’

ಇಮಾಮಕಾಕಾ ಮಜ್ಜಿಗೆ ತಂದು, ಸಾಲನ್ನು ಒಮ್ಮೆ ನೋಡಿ, ನನ್ನ ಮುಂದೆ ಇಟ್ಟ. ಅವನ ಕಣ್ಣು ನನ್ನ ಮೇಲೆಯೇ ಹಾದುಹೋದರೂ ಗುರುತು ಹಿಡಿಯಲಿಲ್ಲ. ಅಂಗಿಯ ಮಹಿಮೆ.

‘‘ನಿನ್ನ ಹೆಸರೇನು?’’ ಎಂದರು ಅಕ್ಕ.

ನಾನು ಉಸಿರು ಬಿಗಿಹಿಡಿದು ನೋಟೀಸಿನ ದನಿ ತೆಗೆದೆ. ‘‘ಹೆಸರು ಬೇಳೆ.’’

‘‘ಮನಿ ಎಲ್ಲಿ?’’

‘‘ಚೌಕಾಬಾರದ ಪಟ್ಟಿಯಲ್ಲಿ ನಾಲ್ಕನೆಯ ಮನೆ.’’

‘‘ಯಾರು ಕರೆಸಿದ್ರು?’’

‘‘ಕರೆ ಬಂದಿತು. ಎತ್ತುವಷ್ಟರಲ್ಲಿ ಕಟ್ಟಾಯಿತು. ಆದುದರಿಂದ ಸ್ವತಃ ಬರಲಾಗಿದೆ.’’

‘‘ಎಷ್ಟು ತಿಂತಿ?’’

‘‘ಪುಟ. ಪುಟ್ಟ ಪುಟ್ಟ ಪುಟ. ಹಸಿವಾದಾಗ ಮುನ್ನುಡಿ ಸಹಿತ.’’

‘‘ಹೊರಗ ಯಾರಿಗರ ಬರಿತೀಯೇನು?’’

‘‘ಬರೆಯಲಾಗುವುದಿಲ್ಲ. ಬರೆ ಹಾಕಲಾಗುವುದು.’’

ಒಳಗೊಳಗೇ ನಗು ಉಕ್ಕುತ್ತಿತ್ತು. ಐದಕ್ಕೆ ಐದೂ ತಪ್ಪು ಉತ್ತರ. ಇನ್ನು ಅಕ್ಕ ಹೌಹಾರಬೇಕು, ನಾನು ‘ಅಕ್ಕಾ ನಾನು’ ಎನ್ನಬೇಕು, ಊರಲ್ಲಿ ನನ್ನ ದನಿಯನ್ನು ಮೀರಿದ ಕಿವಿ ಇಲ್ಲವೆಂದು ಸಾಬೀತಾಗಬೇಕು. ಆದರೆ ಅಕ್ಕ ಹೌಹಾರಲಿಲ್ಲ. ತಣ್ಣಗೆ ಹೇಳಿದರು: ‘‘ಇಮಾಮಕಾಕಾ, ಒಳಗ ಹೋಗಿ ಪ್ಲಗ್ ಮ್ಯಾಲೆ ಕೈ ಇಟಗೊಂಡು ನಿಂದರ್ರಿ. ನಾ ಕೀಳು ಅಂದಕೂಡ್ಲೆ ಕೀಳ್ರಿ.’’

ಆಗ ಅವರ ಕೈ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ನನ್ನ ಹೊಟ್ಟೆಯ ಸಕ್ಕರೆ ಕರಗಿ ನೀರಾಯಿತು.

‘‘ಅಕ್ಕಾ, ಅಕ್ಕಾ, ತಡೀರಿ! ನಾನು ಗುರುಪಾದ! ಚೇಷ್ಟಿ ಮಾಡಿದ್ನಿ. ತಪ್ಪಾತು. ಪ್ಲಗ್ ಕಿತ್ತೀರಿ ಮತ್ತ!’’

‘‘ಅದು ನನಗ ಹೆಸರುಬೇಳಿಗೇ ಗೊತ್ತಾತು’’ ಎಂದರು ಅಕ್ಕ, ನನ್ನ ಕಡೆ ಮುಖ ಕೂಡ ತಿರುಗಿಸದೆ. ‘‘ನಿನಗ ಯಾರು ಅಂಜತಾರೋ ಹುಚ್ಚಾ! ನನ್ನ ಕಟ್ಟಿ ಮ್ಯಾಲೆ ಇರೂದು ಹನ್ನೊಂದು ಮಂದಿ. ನೀ ಕೂಡಿದ್ರ ಹನ್ನೆರಡು. ನಾ ಎಣಿಸಿದ್ದು ಹದಿಮೂರು.’’

ನಾನೂ ಬೆರಳು ಮಡಚಿ ಎಣಿಸತೊಡಗಿದೆ. ಅಕ್ಕ ತಡೆದರು.

‘‘ನಿನ್ನಿಯಿಂದ ಯಾವುದೋ ಒಂದು ಉಸಿರು ಹೆಚ್ಚಾಗಿ ಕೇಳಾಕತ್ತಿತ್ತು, ಯಂತ್ರದ ಸಪ್ಪಳದಾಗ ಖಾತ್ರಿ ಆಗಿರಲಿಲ್ಲ. ನೀ ಬಂದು ಒದರಾಕ ಹತ್ತಿದಿ. ನಿನ್ನ ಮಾತಾಡ್ಸಿಕೋತ ಆ ಉಸಿರು ಎಲ್ಲಿಂದ ಬರತೈತಿ ಅಂತ ಹುಡುಕಿದೆ. ನಿನ್ನ ಬಲಕ್ಕ ಐತಿ ನೋಡು.’’

ನಾನು ಬಲಕ್ಕೆ ತಿರುಗಿದೆ. ಕಂಬದ ಆಚೆ ಬದಿಗೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ, ಒಬ್ಬ ಕೂತಿದ್ದ. ತೆಳ್ಳನೆಯ ಆಳು. ಅಂಗಿಗೆ ಈಗ ತಾನೇ ಇಸ್ತ್ರಿ ಮಾಡಿದ ಗೆರೆ. ತೊಡೆಯ ಮೇಲಿನ ಗಂಟು ಮಾತ್ರ ಅವನ ಎದೆಯ ಮಟ್ಟಕ್ಕೆ ಉಬ್ಬಿತ್ತು. ಕಣ್ಣು ನೇರ ಎದುರಿಗೆ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಏನನ್ನೋ ಎಣಿಸುವಂತೆ. ಅಷ್ಟು ಹೊತ್ತು ನಾನು ಅವನ ಪಕ್ಕದಲ್ಲೇ ಕೂತು ಈರುಳ್ಳಿ ಗಂಟು ಹಿಡಿದು ನಾಟಕ ಆಡಿದ್ದೆ. ನಾನು ದಡಕ್ಕನೆ ಎದ್ದು ನಿಂತೆ.

‘‘ಎದ್ದು ಓಡಬ್ಯಾಡ’’ ಎಂದರು ಅಕ್ಕ. ‘‘ಇಮಾಮಕಾಕಾ ಪ್ಲಗ್ ಬಿಟ್ಟು ಬರೂಹಂಗಿಲ್ಲ. ಸಾಕ್ಷಿ ನೀನ ಆಗಬೇಕು. ಆ ಮಜ್ಜಿಗಿ ಅವನ ಮುಂದ ಸರಿಸು. ನೀ ಕುಡದಿಲ್ಲ ಹೌದಿಲ್ಲೋ?’’

‘‘ಒಂದ ಗುಟುಕು ಅಕ್ಕಾ.’’

‘‘ಛೀ ನಿನ್ನ!’’

ಉಳಿದದ್ದನ್ನೇ ಸರಿಸಿದೆ. ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ದನಿ ಬೇರೆ ಇತ್ತು.

‘‘ನಿನ್ನ ಹೆಸರೇನು?’’

‘‘ತಾಳೆಗಾರ’’ ಎಂದ ಹೊಸಬ. ಅಂಥ ಹೆಸರು ನಮ್ಮೂರಿನ ಯಾವ ಕಟ್ಟೆಯ ಮೇಲೂ ಕೇಳಿರಲಿಲ್ಲ.

‘‘ಮನಿ ಎಲ್ಲಿ?’’

‘‘ಚುಕ್ಕಿಯವನ ಮನೆ.’’

ಚುಕ್ಕಿಯವನೆಂದರೆ ಯಂತ್ರಕ್ಕೆ ಚುಕ್ಕಿಗಳ ಲೆಕ್ಕ ಒಪ್ಪಿಸುವ ಒಳಗಿನವನು, ಸಾಲಿನಲ್ಲಿ ಮೂರನೆಯವನು. ಹೊಸಬನ ಮಾತನ್ನು ಹಾಗೇ ನಂಬುವುದಿಲ್ಲ, ಎಣ್ಣೆ ಅಂಗಡಿಯವರು ಕಲಿಸಿದ ಪಾಠ ಅದು. ನಾನು ಹೋಗಿ ಚುಕ್ಕಿಯವನನ್ನು ಕೇಳಿದೆ, ‘‘ಇಂವ ನಿಮ್ಮ ಪೈಕಿನಾ?’’

‘‘ಮನೆಯಲ್ಲಿ ಒಂದು ಕೋಣೆ ಹೊಸದಾಗಿ ತೆರೆದಿದೆ. ಒಳಗೆ ಯಾರಿದ್ದಾರೆಂದು ನೋಡಿಲ್ಲ’’ ಎಂದ ಚುಕ್ಕಿಯವನು. ನೆರೆಹೊರೆಯ ಬಗ್ಗೆ ಅಷ್ಟು ನಿರ್ಲಕ್ಷ್ಯ ಇರುವವರೂ ಉಂಟು.

ಅಕ್ಕ ಒಳಗೆ ಕೂಗಿದರು. ‘‘ಇಮಾಮಕಾಕಾ, ಒಂದು ಕೈ ಪ್ಲಗ್ ಮ್ಯಾಲೆ ಇರಲಿ. ಇನ್ನೊಂದು ಕೈಲೆ ಕಂಪ್ಯೂಟರಿನ್ಯಾಗ ಚುಕ್ಕಿಯವನ ಮನಿ ತಗದು ನೋಡ್ರಿ. ತಾಳೆಗಾರ ಅಂತ ಯಾರರ ಅದಾರೇನು?’’

ಇಮಾಮಕಾಕಾನ ಕೀಲಿಮಣೆಯ ಸದ್ದು ಒಂದೊಂದೇ ಹನಿ ಬಿದ್ದಂತೆ ಕೇಳಿಸಿತು. ‘‘ಅದಾರವಾ. ಕೋಣಿ ಐತಿ. ಬಾಗಿಲಿಗೆ ಯಂತ್ರ ಮಾಡಿದವರ ಮುದ್ರಿನೂ ಐತಿ. ಮುದ್ರಿ ಒಡದಿಲ್ಲ.’’

ಅಕ್ಕನ ಭುಜ ಒಂದು ಬೆರಳಿನಷ್ಟು ಇಳಿಯಿತು. ನನಗೂ ಉಸಿರು ಬಂತು. ಮುದ್ರೆ ಸರಿ, ಮನೆ ಸರಿ. ಅರ್ಧ ದಾರಿ ಬಂದ ಹಾಗಾಯಿತು.

‘‘ಯಾರು ಕರೆಸಿದ್ರು?’’

‘‘ನೀಲಗಂಗಾ.’’

‘‘ಸುಳ್ಳ!’’ ಅಕ್ಕನ ಕೂಗಿಗೆ ಕಟ್ಟೆಯ ಕೆಳಗಿದ್ದ ಕೋಳಿಗಳು ಹಾರಿದವು. ‘‘ನಾ ಯಾವಾಗ ಕರದೆ? ನನ್ನ ಹೆಸರ ಹೇಳಿ ನನ್ನ ಮುಂದ ಕುಂದರತೀಯಾ? ಎಷ್ಟು ತಿಂತಿ ಹೇಳು!’’

‘‘ನಿನ್ನೆಗಿಂತ ಇಂದು ಹೆಚ್ಚು. ಇಂದಿಗಿಂತ ನಾಳೆ ಹೆಚ್ಚು.’’

‘‘ಹೊರಗ ಬರಿತೀಯೇನು?’’

‘‘ಇಲ್ಲ.’’

‘‘ಹಂಗಾರ ಆ ಗಂಟಿನ್ಯಾಗ ಏನೈತಿ? ಗುರ್ಯಾ, ಬಿಚ್ಚಿ ನೋಡು.’’

ಬಿಚ್ಚಿದೆ. ಒಳಗೆ ಹಾಳೆಗಳು, ಮಡಿಕೆ ಮಡಿಕೆಯಾಗಿ ಒತ್ತಿಟ್ಟ ಬೂದಿ ಬಣ್ಣದ ಹಾಳೆಗಳು. ಮೇಲಿನದರ ನೆತ್ತಿಯಲ್ಲಿ ಕಣ್ಣಿದ್ದವರ ಅಕ್ಷರದಲ್ಲಿದ್ದ ಪಾಠದ ಹೆಸರು ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಒಳಗೆ ಅಚ್ಚಾಗುತ್ತಿದ್ದ ಸಮಾಜದ ಪಾಠಗಳೇ. ಒಂದೊಂದು ಪುಟದ ಪಡಿಯಚ್ಚು, ಚುಕ್ಕಿಗೆ ಚುಕ್ಕಿ.

ಸುಳ್ಳು ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿಲ್ಲ. ‘‘ಅಕ್ಕಾ, ನಮ್ಮ ಪುಟಾನ. ಎಲ್ಲಾ ಪುಟದ ನಕಲು ತಗದಾನ.’’

ಅಕ್ಕ ಕಂಬ ಹಿಡಿದುಕೊಂಡರು. ಎಣ್ಣೆ ಅಂಗಡಿಗೆ ಬಂದವನೂ ಹೀಗೇ ಮೊದಲು ಒಂದೊಂದನ್ನೇ ಗಂಟಿಗೆ ಕಟ್ಟಿಕೊಂಡಿದ್ದ, ಆಮೇಲೆ ಬೀಗ ಹಾಕಿದ್ದ. ಈಗ ಕಿತ್ತರೆ ಹನ್ನೊಂದು ವರ್ಷದ ಪುಸ್ತಕ ಉಳಿಯುತ್ತದೆ, ಸೋಮವಾರ ಇಪ್ಪತ್ತಮೂರು ಮಕ್ಕಳು ಓದಲು ಏನೂ ಇಲ್ಲದೆ ಪರೀಕ್ಷೆಗೆ ಕೂಡುತ್ತಾರೆ. ಕೀಳದಿದ್ದರೆ ಮಕ್ಕಳಿಗೆ ಹಾಳೆ ಸಿಗುತ್ತದೆ, ಬಹುಶಃ, ಮತ್ತು ಅದೇ ಆ ಶಾಲೆಗೆ ಸಿಗುವ ಕಡೆಯ ಪುಸ್ತಕವಾಗುತ್ತದೆ. ಒಳಗೆ ಯಂತ್ರ ಟಕಟಕ ಎನ್ನುತ್ತಲೇ ಇತ್ತು.

‘‘ಕೀಳಲೇನವಾ?’’ ಇಮಾಮಕಾಕಾನ ದನಿ ಕಿಟಕಿಯಿಂದ ಬಂತು.

ಅಕ್ಕ ಬಾಯಿ ತೆರೆದರು. ನಾನು ಹೊಸಬನ ಮುಖವನ್ನೇ ನೋಡುತ್ತಿದ್ದೆ. ನಕಲು ಮಾಡುವುದೇ ನನ್ನ ಕಸುಬು, ನಕಲಿಯವನು ಹೇಗಿರುತ್ತಾನೆಂದು ನನಗೆ ಗೊತ್ತು. ಅವನು ಅಸಲಿಗಿಂತ ಒಂದು ಕೈ ಚೆಂದ ಮಾತಾಡುತ್ತಾನೆ. ಕೇಳಿದ್ದಕ್ಕೆ ಕೇಳಿದವರು ಮೆಚ್ಚುವ ಉತ್ತರ ಕೊಡುತ್ತಾನೆ. ‘ನಾಳೆ ಇನ್ನೂ ಹೆಚ್ಚು ತಿನ್ನುತ್ತೇನೆ’ ಎಂದು ಯಾವ ಕಳ್ಳ ಹೇಳುತ್ತಾನೆ? ಇವನಿಗೆ ಸುಳ್ಳು ಹೇಳುವ ಬುದ್ಧಿಯೇ ಇದ್ದಂತಿರಲಿಲ್ಲ. ಆದರೆ ಇದನ್ನೆಲ್ಲ ಅಕ್ಕನಿಗೆ ವಿವರಿಸಲು ಹೊತ್ತಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ, ಯಾರ ದನಿಯನ್ನೂ ಹಾಕಿಕೊಳ್ಳದೆ:

‘‘ಅಲ್ಲೋ ಮಾರಾಯಾ, ನೀ ಮಾಡೂ ಕೆಲಸರ ಏನು?’’

ಹೊಸಬ ಮೊದಲ ಬಾರಿ ಕತ್ತು ತಿರುಗಿಸಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲಾಯಿತು. ಬಾಗಿಲ ಬಳಿ ಬಹಳ ಹೊತ್ತು ನಿಂತವನಿಗೆ ಒಳಗೆ ಬಾ ಎಂದಾಗ ಆಗುವಂತೆ.

‘‘ತಾಳೆ ನೋಡುವುದು’’ ಎಂದ. ‘‘ಅಚ್ಚಾಗಬೇಕಾದ ಪುಟವನ್ನೂ ಅಚ್ಚಾದ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಚುಕ್ಕಿಗೆ ಚುಕ್ಕಿ ಹೊಂದಿಸುವುದು. ಹೊಂದದಿದ್ದರೆ ಬೇರೆ ಇಡುವುದು. ಈವರೆಗೆ ಹೊಂದದವು ಮೂವತ್ತೊಂದು ಹಾಳೆ. ಕೆಳಸಾಲಿನ ಬಲಗಡೆಯ ಚುಕ್ಕಿ ಎದ್ದಿಲ್ಲ. ಚುಕ್ಕಿ ಎಬ್ಬಿಸುವ ಮೊಳೆ ಸವೆದಿದೆ.’’

ಅವನೇ ಮುಂದುವರಿಸಿದ. ‘‘ನಿನ್ನೆ ಮಧ್ಯಾಹ್ನದಿಂದ ತಿಳಿಸಲು ಕಾಯಲಾಗುತ್ತಿದೆ. ಕೇಳಿದರೆ ಮಾತ್ರ ಹೇಳಬೇಕೆಂದು ಅಪ್ಪಣೆ ಇದೆ. ಯಾರೂ ಕೇಳಿರುವುದಿಲ್ಲ.’’

ನಮ್ಮ ಹಿರಿಯರನ್ನು ಬಯ್ಯಬಾರದು. ಆದರೂ ಹೇಳುತ್ತೇನೆ. ಹೆಸರು ಕೇಳಿ, ಮನೆ ಕೇಳಿ, ಯಾರ ಪೈಕಿ ಎಂದು ಕೇಳಿ, ಉಣ್ಣುವುದನ್ನೂ ಬರೆಯುವುದನ್ನೂ ಕೇಳಿ, ಏನು ಕೆಲಸ ಮಾಡುತ್ತೀ ಎಂದು ಕೇಳಲು ಮಾತ್ರ ಊರಿಗೆ ಊರೇ ಮರೆತಿತ್ತು.

ಅಕ್ಕ ಒಳಗೆ ಹೋದ ರಭಸಕ್ಕೆ ಹೊಸ್ತಿಲು ಎಡವಿದರು. ಅಚ್ಚಾದ ಹಾಳೆಗಳ ರಾಶಿಯ ಮೇಲೆ ಅವರ ಬೆರಳು ಓಡಿದವು. ಮೇಲಿನ ಹಾಳೆಯ ಕೆಳಸಾಲಿಗೆ ಬಂದು ನಿಂತವು. ಹಿಂದಕ್ಕೆ ಹೋದವು, ಮತ್ತೆ ಬಂದವು. ‘‘ಮಟ್ಟಸ ಐತಿ’’ ಎಂದರು ಪಿಸುದನಿಯಲ್ಲಿ. ‘‘ಇಲ್ಲಿ ಚುಕ್ಕಿ ಇಲ್ಲ ಇಮಾಮಕಾಕಾ. ಮೊದಲಿನ ಹತ್ತು ಹಾಳಿ ಮುಟ್ಟಿ ನೋಡಿ ಚೆಂದ ಅದಾವ ಅಂತ ಬಿಟ್ಟಿದ್ದೆ. ಅವಸರದಾಗ ಮುಂದ ಮುಟ್ಟಲೇ ಇಲ್ಲ. ಹುಡುಗ್ರು ಸೋಮವಾರ ಇದನ್ನ ಹಿಡಕೊಂಡು ಕುಂತಿದ್ರ ನನಗ ಏನ್ ಅಂತಿದ್ರು?’’

‘‘ಏನೂ ಅಂತಿರಲಿಲ್ಲವಾ, ಫೇಲಾಗ್ತಿದ್ರು’’ ಎಂದ ಇಮಾಮಕಾಕಾ. ಪ್ಲಗ್ಗಿನಿಂದ ಕೈ ತೆಗೆದು ಅಂಗೈಯನ್ನು ಲುಂಗಿಗೆ ಒರೆಸಿಕೊಂಡ. ‘‘ಮೊಳಿಗೆ ಕರೆಂಟು ಕೀಳಬೇಕಂತಿಲ್ಲ ಬಿಡ್ರಿ. ಯಂತ್ರ ತಡದು ಮುಚ್ಚಳ ತಗದ್ರ ಸಾಕು. ಹೊಸಾ ಮೊಳಿ ಡಬ್ಬಿನ್ಯಾಗ ಅದಾವ. ಮೂವತ್ತೊಂದು ಹಾಳಿ ಸಂಜಿ ಒಳಗ ಹೊಡದು ಕೊಡತೇನಿ. ಶನಿವಾರಕ್ಕ ಎಲ್ಲಾ ಮುಗೀತೈತಿ, ನೀವು ಕುಂದರ್ರಿ ಮೊದಲ.’’

ಅಕ್ಕ ಕೂತರು. ಇಡೀ ಬೆಳಗಿನಲ್ಲಿ ಅವರು ಕೂತದ್ದು ಅದೇ ಮೊದಲು. ಸೆರಗಿನಿಂದ ಮುಖ ಒರೆಸಿಕೊಂಡರು. ಇಮಾಮಕಾಕಾ ಸ್ಪ್ಯಾನರ್ ಹುಡುಕುತ್ತ ಹಾಡು ಗುನುಗತೊಡಗಿದ. ನಾನಂತೂ ಗೋಡೆಗೆ ಒರಗಿ ನನ್ನ ಗಂಟಿನ ಈರುಳ್ಳಿಯನ್ನು ಹಿಡಿದುಕೊಂಡು ನಿಂತಿದ್ದೆ.

ಆದರೆ ಒಂದು ಮುಳ್ಳು ಉಳಿದಿತ್ತು. ಅಕ್ಕನಂಥವರು ಅದನ್ನು ಹಾಗೇ ಬಿಡುವವರಲ್ಲ. ಎದ್ದು ಮತ್ತೆ ಕಟ್ಟೆಗೆ ಬಂದರು. ಈಗ ಬಹುವಚನ.

‘‘ನೀವು ಭಾಳ ಉಪಕಾರ ಮಾಡೀರಿ, ಕೆಲಸಾನೂ ಚಲೋ. ಖರೆ, ನಾನ ಕರೆಸಿದೆ ಅಂದ್ರೆಲ್ಲ, ಅದೊಂದು ಸುಳ್ಳ ಯಾಕ ಹೇಳಿದ್ರಿ?’’

‘‘ಸುಳ್ಳು ಹೇಳಲು ಬರುವುದಿಲ್ಲ’’ ಎಂದ ತಾಳೆಗಾರ. ‘‘ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹನ್ನೊಂದು ನಿಮಿಷಕ್ಕೆ ಬರಲೇ ಎಂದು ಕೇಳಲಾಯಿತು. ಓದುವವನು ನಿಬಂಧನೆಗಳನ್ನು ನಿಮಗೆ ಓದಿ ಹೇಳಲು ಪ್ರಾರಂಭಿಸಿದನು. ಎರಡನೆಯ ನಿಬಂಧನೆಯಲ್ಲಿ ನೀವು ‘ಹ್ಞೂಂ’ ಗುಂಡಿಯನ್ನು ಒತ್ತಿದಿರಿ.’’

ಓದುವವನೆಂದರೆ ಪರದೆಯ ಮೇಲಿನದನ್ನು ಅಕ್ಕನಿಗೆ ಓದಿ ಹೇಳುವ ಒಳಗಿನವನು. ಸಾಲಿನಲ್ಲಿ ಕೂತಿದ್ದ ಅವನು ಹೌದೆಂಬಂತೆ ತಲೆದೂಗಿದ.

‘‘ನಾ ಅಂಥಾದ್ದೇನೂ ಒತ್ತಿಲ್ಲ.’’

‘‘ಒತ್ತುವಾಗ ಹೀಗೂ ನುಡಿದಿರಿ’’ ಎಂದು ತಾಳೆಗಾರ ಗಂಟಲು ಸರಿಮಾಡಿಕೊಂಡ. ನೋಟೀಸಿನ ಅದೇ ಸಪ್ಪೆ ದನಿಯಲ್ಲಿ, ಪದದ ನಡುವೆ ಉಸಿರು ಎಳೆಯದೆ ಒಪ್ಪಿಸಿದ: ‘‘‘ಹ್ಞೂಂ ಹ್ಞೂಂ ಹ್ಞೂಂ, ಮುಂಜ್‌ಮುಂಜಾನೆ ತಲಿ ತಿನಬ್ಯಾಡ, ಅದೇನ್ ಮಾಡ್ಕೋತೀಯೋ ಮಾಡ್ಕೊಂಡು ಸಾಯಿ.’’’

ಒಳಗೆ ಸ್ಪ್ಯಾನರ್ ನೆಲಕ್ಕೆ ಬಿತ್ತು. ಕಿಟಕಿಯಲ್ಲಿ ಇಮಾಮಕಾಕಾನ ಗಡ್ಡ ಕಾಣಿಸಿತು.

‘‘ಅಂದ್ರಿ ಬಿಡವಾ’’ ಎಂದ ಅವನು. ‘‘ನಾ ಇಲ್ಲೇ ಹಾಳಿ ಜೋಡಸಾಕತ್ತಿದ್ದೆ. ನನಗ ಅಂದ್ರಿ ಅಂತ ತಿಳಕೊಂಡು ಮಧ್ಯಾಹ್ನದ ತನಕ ಮಾತಾಡಿರಲಿಲ್ಲ.’’

ಅಕ್ಕನ ಮುಖ ನೋಡಬೇಕಿತ್ತು. ಊರಿಗೆಲ್ಲ ಕಿವಿಗೊಟ್ಟು ಕೇಳಿರೆಂದು ಬುದ್ಧಿ ಹೇಳುವವರು, ಬೆಕ್ಕಿನ ದನಿಯಲ್ಲೂ ನನ್ನನ್ನು ಹಿಡಿದವರು, ತಮ್ಮ ಕಿವಿಯ ಹತ್ತಿರವೇ ಓದುತ್ತಿದ್ದುದನ್ನು ಕೇಳದೆ ಹ್ಞೂಂ ಅಂದಿದ್ದರು. ನಾನು ನಗಲು ಹೆದರಿ ಈರುಳ್ಳಿ ನೋಡಿಕೊಂಡು ನಿಂತೆ.

‘‘ಗುರ್ಯಾ’’ ಎಂದರು ಅಕ್ಕ.

‘‘ಅಕ್ಕಾ.’’

‘‘ಒಟ್ಟು ಎಷ್ಟು ನಿಬಂಧನೆ ಅದಾವಂತ ಕೇಳು.’’

‘‘ಎಪ್ಪತ್ತಮೂರು’’ ಎಂದ ತಾಳೆಗಾರ.

‘‘ಒಳಗ ಬಾ. ಪರದೆ ಮ್ಯಾಲೆ ತಗಸ್ತೇನಿ. ಎಪ್ಪತ್ತಮೂರೂ ಓದಿ ಹೇಳು. ಹೆಸರುಬೇಳಿ ದನಿಯೊಳಗ ಓದಬೇಕು. ನಡುವ ಉಸಿರು ಎಳದ್ರ ಮತ್ತ ಒಂದರಿಂದ.’’

‘‘ಅಕ್ಕಾ, ಹನ್ನೆರಡೂವರಿ ಬಸ್ಸು ಬರೂ ಹೊತ್ತಾತು, ಮೈಕಿನ್ಯಾಗ ಹೇಳಬೇಕು...’’

‘‘ಬಸ್ಸು ಬಂದದ್ದು ಬಸ್ಸಿನವರಿಗೆ ಗೊತ್ತಿರತೈತಿ. ಓದು.’’

ಓದಿದೆ. ಸೇವಕನು ಕಟ್ಟೆಯ ಮೇಲೆ ಒಂದು ಮೊಳ ಜಾಗವನ್ನು ಮಾತ್ರ ಬಳಸತಕ್ಕದ್ದು. ಸೇವಕನು ಕೇಳಿದ ಹೊರತು ಮಾತಾಡತಕ್ಕದ್ದಲ್ಲ. ಸೇವಕನಿಗೆ ಯಜಮಾನರು ಮಜ್ಜಿಗೆ ಕೊಡಲು ಬದ್ಧರಾಗಿರುವುದಿಲ್ಲ, ಕೊಟ್ಟರೆ ಬೇಡವೆನ್ನುವುದಿಲ್ಲ. ಹತ್ತೊಂಬತ್ತನೆಯದರಲ್ಲಿ ನನಗೆ ಕೆಮ್ಮು ಬಂತು, ಅಕ್ಕ ದಯೆ ತೋರಿ ಬಿಟ್ಟರು. ಮೂವತ್ತರ ಹೊತ್ತಿಗೆ ಇಮಾಮಕಾಕಾ ಹೊಸ ಮೊಳೆ ಕೂರಿಸಿ ಮುಚ್ಚಳ ಹಾಕಿದ. ಯಂತ್ರ ಮತ್ತೆ ಟಕಟಕ ಎಂದಿತು, ಮೊದಲಿಗಿಂತ ಹಗುರವಾಗಿ. ಅಕ್ಕ ಹೊರಬಂದ ಮೊದಲ ಹಾಳೆಯ ಕೆಳಸಾಲನ್ನು ಮುಟ್ಟಿ ತಲೆದೂಗಿ, ‘‘ಮುಂದ ಓದು’’ ಎಂದರು. ಐವತ್ತರಲ್ಲಿ ನನ್ನ ಗಂಟಲು ಕಟ್ಟಿತು. ಕಿಟಕಿಯ ಆಚೆ ಕಟ್ಟೆಯ ಮೇಲೆ ಹನ್ನೆರಡು ಜನ ಒಳಗಿನವರು ಪೂಜೆಯ ಕಥೆ ಕೇಳುವವರಂತೆ ಕೂತಿದ್ದರು.

ಎಪ್ಪತ್ತಮೂರನೆಯದಕ್ಕೆ ಬಂದೆ. ಅದು ಎರಡೇ ಸಾಲು.

‘‘‘ಹ್ಞೂಂ ಎಂದವರು ಮೇಲ್ಕಂಡ ಎಪ್ಪತ್ತೆರಡನ್ನೂ ಶಾಂತಚಿತ್ತದಿಂದ ಪೂರ್ತಿ ಕೇಳಿ, ಅರ್ಥಮಾಡಿಕೊಂಡು, ಸೇವಕನನ್ನು ಪ್ರೀತಿಪೂರ್ವಕವಾಗಿ ಆಹ್ವಾನಿಸಿದ್ದಾರೆಂದು ತಿಳಿಯತಕ್ಕದ್ದು.’’’

ಆಮೇಲೆ ಅಕ್ಕನ ಹೊಟ್ಟೆಯ ಬುಡದಿಂದ ಒಂದು ಗೊರಗೊರ ಸದ್ದು ಎದ್ದಿತು. ‘‘ಪ್ರೀತಿಪೂರ್ವಕವಾಗಿ!’’ ಎಂದರು. ‘‘ಸಾಯಿ ಅಂದೀನೋ ಗುರ್ಯಾ, ಅವನಿಗೆ ಸಾಯಿ ಅಂದೀನಿ!’’ ಎಂದು ತೊಡೆ ಬಡಿದುಕೊಂಡರು. ಇಮಾಮಕಾಕಾ ನಕ್ಕ, ನಾನೂ ಗಂಟಲು ಹರಿದುಕೊಂಡು ನಕ್ಕೆ. ಆದರೆ ನಮ್ಮಿಬ್ಬರ ನಗುವನ್ನು ಕೂಡಿಸಿದರೂ ನೀಲಗಂಗಕ್ಕನ ನಗುವಿನ ಮೊಣಕಾಲಿಗೂ ಬರುತ್ತಿರಲಿಲ್ಲ. ಅವರು ಗೋಡೆ ಹಿಡಿದು ನಕ್ಕರು, ಹಾಳೆಯ ರಾಶಿಗೆ ಒರಗಿ ನಕ್ಕರು, ಕಡೆಗೆ ಕಟ್ಟೆಗೆ ಹೋಗಿ ತಾಳೆಗಾರನ ಪಕ್ಕ ಒಂದು ಮೊಳ ಬಿಟ್ಟು ಕೂತು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. ಬಸ್ ನಿಲ್ದಾಣದಲ್ಲಿ ಹನ್ನೆರಡೂವರೆ ಬಸ್ಸಿಗೆ ಕಾಯುತ್ತಿದ್ದವರು ಆ ನಗು ಕೇಳಿ, ಇವತ್ತು ಮೈಕಿನಲ್ಲಿ ಗುರುಪಾದ ಹೆಂಗಸಿನ ದನಿ ತೆಗೆದಿದ್ದಾನೆಂದು ತಿಳಿದುಕೊಂಡರಂತೆ.